ಕಪಾಟಿನ ಎದುರು ನಿಂತು ಪಾಠ ಹೇಳು

ಮಗಳೇ,

ಗ್ರಂಥಾಲಯ ವಿಜ್ಞಾನ ಕಲಿಸುವ ಅತಿಥಿ ಉಪನ್ಯಾಸಕಿಯಾಗಿ ನಿನಗೆ ಆದೇಶ ಬಂದಿದೆ ಎಂದು ಕೇಳಿ ಬಹಳ ಸಂತೋಷವಾಯಿತು. ಗುಡೇಕೋಟೆಯಿಂದ ಕೂಡ್ಲಿಗಿಗೆ ಬಸ್ಸು ಹಿಡಿದು ಓದಿದ ಹುಡುಗಿ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ ಎಂದರೆ ಅದು ನಿಮ್ಮ ಮನೆಯೊಂದರ ಹೆಮ್ಮೆಯಲ್ಲ. ಸುದ್ದಿ ತಿಳಿಸಲು ಫೋನ್ ಮಾಡಿದ ನಿನ್ನ ಅಪ್ಪ ಒಂದು ಮಾತು ಕೇಳಿದ: "ಅಣ್ಣಾ, ಪುಸ್ತಕ ಕೊಡೋದು ತಗೊಳ್ಳೋದು, ಅದಕ್ಕೂ ಕಾಲೇಜಿನಾಗ ಪಾಠ ಬೇಕೇನು?" ಅವನು ತಿಳಿದುಕೊಳ್ಳಬೇಕೆಂದೇ ಕೇಳಿದ. ನಿನಗೂ ಇದನ್ನು ಬಹಳ ಮಂದಿ ಕೇಳುತ್ತಾರೆ. ನೆಂಟರು ಕೇಳುತ್ತಾರೆ, ಸ್ಟಾಫ್ ರೂಮಿನಲ್ಲಿ ಜೊತೆಯವರೂ ಕೇಳುತ್ತಾರೆ. ಸಿಟ್ಟು ಮಾಡಿಕೊಳ್ಳಬೇಡ, ವಾದಕ್ಕೂ ಇಳಿಯಬೇಡ. ಅದಕ್ಕೆ ಉತ್ತರ ನಿನ್ನ ತರಗತಿಯಿಂದ, ನೀನು ಕಲಿಸಿದ ಮಕ್ಕಳ ಕೆಲಸದಿಂದ ಬರಬೇಕು. ಈ ವೃತ್ತಿಯಲ್ಲೇ ಕೂದಲು ಬೆಳ್ಳಗಾದವನು ನಾನು. ನನಗೆ ತಿಳಿದಷ್ಟನ್ನು ಹೇಳುತ್ತೇನೆ, ಮನಸ್ಸಿಟ್ಟು ಕೇಳು.

ಗ್ರಂಥಾಲಯದ ಈ ಕೆಲಸ ಎಸ್. ಆರ್. ರಂಗನಾಥನ್ ಅವರಿಗೂ ಮೊದಮೊದಲು ರುಚಿಸಿರಲಿಲ್ಲ. ಅವರು ಗಣಿತದ ಮೇಷ್ಟ್ರು. 1924ರ ಜನವರಿಯಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ ಬಂದು ಕೂತರು. ಓದುಗರಿಲ್ಲ, ಮಾಡಲು ಕೆಲಸವಿಲ್ಲ. ಬೇಸರವಾಗಿ, ತಮ್ಮ ಹಳೆಯ ಕಾಲೇಜಿಗೆ ಹೋಗಿ ವಾಪಸು ಪಾಠಕ್ಕೇ ತೆಗೆದುಕೊಳ್ಳಿ ಎಂದು ಬೇಡಿಕೊಂಡರು. ಮೊದಲು ಲಂಡನ್ನಿಗೆ ಹೋಗಿ ಕಲಿತು ಬಾ, ಆಮೇಲೂ ಬೇಡವೆನಿಸಿದರೆ ನೋಡೋಣ ಎಂಬ ಮಾತಾಯಿತು. ಅಲ್ಲಿ ಸಾಮಾನ್ಯ ಜನ, ಕೂಲಿ ಕೆಲಸದವರು, ಮಕ್ಕಳು ಸಾರ್ವಜನಿಕ ಗ್ರಂಥಾಲಯಗಳಿಗೆ ಬಂದು ಓದುವುದನ್ನು ಕಣ್ಣಾರೆ ಕಂಡ ಮೇಲೆ ಅವರು ಹಿಂತಿರುಗಿ ನೋಡಲಿಲ್ಲ. 1925ರಲ್ಲಿ ಮರಳಿ ಬಂದು ಪುಸ್ತಕದ ಸಾಲುಗಳೊಳಗೆ ಓದುಗರೇ ನಡೆದು ಹೋಗುವಂತೆ ಮಾಡಿದರು, ತೆರೆದಿರುವ ಹೊತ್ತನ್ನು ಹೆಚ್ಚಿಸಿದರು. 1928ರಲ್ಲಿ ಮದ್ರಾಸ್ ಗ್ರಂಥಾಲಯ ಸಂಘ ಹುಟ್ಟಿತು, ಮರುವರ್ಷವೇ ಆ ಸಂಘ ತರಬೇತಿ ಶಾಲೆ ತೆರೆಯಿತು. ನೀನು ಈಗ ಹಿಡಿದಿರುವ ಕೆಲಸ, ಅಂದರೆ ಗ್ರಂಥಾಲಯದ ಕೆಲಸವನ್ನು ತರಗತಿಯಲ್ಲಿ ಕಲಿಸುವುದು, ದಕ್ಷಿಣದಲ್ಲಿ ಬೇರೂರಿದ್ದು ಆ ಶಾಲೆಯಿಂದ.

ಇದು ಎಲ್ಲೋ ದೂರದ ಕಥೆ ಎಂದುಕೊಳ್ಳಬೇಡ. 1953ರ ಅಕ್ಟೋಬರ್ 1ಕ್ಕೆ ಮೈಸೂರು ರಾಜ್ಯ ಸೇರುವವರೆಗೆ ನಮ್ಮ ಕೂಡ್ಲಿಗಿ ಸೀಮೆ ಮದ್ರಾಸಿಗೇ ಸೇರಿತ್ತು. 1945ರಲ್ಲಿ ಶುರುವಾದ ಬಳ್ಳಾರಿಯ ವೀರಶೈವ ಕಾಲೇಜು ಮೊದಲು ಇದ್ದದ್ದು ಮದ್ರಾಸ್ ವಿಶ್ವವಿದ್ಯಾಲಯದ ಕೆಳಗೆ. 1948ರ ಮದ್ರಾಸ್ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಹಿಂದೆ ರಂಗನಾಥನ್ ಅವರ ದುಡಿಮೆಯಿತ್ತು. ಆಮೇಲೆ ಅವರು ಬೆಂಗಳೂರಿಗೇ ಬಂದು ನೆಲೆಸಿದರು. 1962ರಲ್ಲಿ ಅಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಆಶ್ರಯದಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರ, ಅಂದರೆ ಡಿಆರ್‌ಟಿಸಿ ತೆರೆದರು, 1972ರ ಸೆಪ್ಟೆಂಬರಿನಲ್ಲಿ ಅಲ್ಲೇ ತೀರಿಕೊಂಡರು. ನಮ್ಮ ರಾಜ್ಯದ 1965ರ ಗ್ರಂಥಾಲಯ ಕಾಯ್ದೆಯಲ್ಲೂ ಅವರ ಕೈ ಇದೆ. ಇಷ್ಟು ಹತ್ತಿರದ ಹಿರಿಯರನ್ನು ನಮ್ಮ ಮಕ್ಕಳು ಪರೀಕ್ಷೆಯ ಐದಂಕದ ಟಿಪ್ಪಣಿಯಾಗಿ ಮಾತ್ರ ಬಲ್ಲರು. ಗ್ರಂಥಾಲಯ ವಿಜ್ಞಾನಕ್ಕೆ ಅವರು ಕೊಟ್ಟ ಐದು ಸೂತ್ರಗಳನ್ನು ಬಾಯಿಪಾಠ ಒಪ್ಪಿಸಿ ಅಂಕ ತೆಗೆದುಕೊಂಡು ಹೋಗುತ್ತಾರೆ. ನಿನ್ನ ತರಗತಿಯಲ್ಲಿ ಅದಕ್ಕೆ ಅವಕಾಶ ಕೊಡಬೇಡ. ಒಂದೊಂದು ಸೂತ್ರಕ್ಕೂ ನಮ್ಮ ತಾಲ್ಲೂಕಿನ ಒಂದು ಉದಾಹರಣೆ ಕೊಡದ ಹೊರತು ಉತ್ತರ ಪೂರ್ತಿಯಾಯಿತೆಂದು ಒಪ್ಪಬೇಡ.

ನಾನು ಹೇಳಬೇಕಾದದ್ದು ಮುಖ್ಯವಾಗಿ ಒಂದೇ. ಪಾಠವನ್ನು ಕಪಾಟಿನ ಎದುರು ನಿಂತು ಹೇಳು, ನಮ್ಮ ಪುಸ್ತಕಗಳನ್ನು ಕೈಯಲ್ಲಿ ಹಿಡಿದು ಹೇಳು. ನೋಟ್ಸ್ ಬರೆಸಿ ಸಿಲೆಬಸ್ ಮುಗಿಸಲು ಯಾರಿಗಾದರೂ ಆಗುತ್ತದೆ.

ವರ್ಗೀಕರಣವನ್ನೇ ತೆಗೆದುಕೋ. ಮೆಲ್ವಿಲ್ ಡ್ಯೂಯಿ 1876ರಲ್ಲಿ ಕೊಟ್ಟ ದಶಮಾಂಶ ಪದ್ಧತಿಯ ಹತ್ತು ಮುಖ್ಯ ವರ್ಗಗಳನ್ನು ಬೋರ್ಡಿನ ಮೇಲೆ ಬರೆಸಬಹುದು. ಹುಡುಗರು ಬರೆದುಕೊಳ್ಳುತ್ತಾರೆ, ಮರೆಯುತ್ತಾರೆ. ಅದರ ಬದಲು ಬಸವಣ್ಣನವರ ವಚನಗಳ ಒಂದು ಸಂಪುಟ ತಂದು ಮೇಜಿನ ಮೇಲಿಡು. ಇದಕ್ಕೆ ಯಾವ ನಂಬರು ಕೊಡುತ್ತೀರಿ ಎಂದು ಕೇಳು. ಒಬ್ಬ ಕನ್ನಡ ಸಾಹಿತ್ಯ ಎಂದು 894.814ಕ್ಕೆ ಹೋಗುತ್ತಾನೆ. ಅದರಲ್ಲೂ ಕಾವ್ಯ ಎನ್ನುವವನು ಕೊನೆಗೊಂದು 1 ಸೇರಿಸುತ್ತಾನೆ. ಇನ್ನೊಬ್ಬಳು ಇದು ಧರ್ಮ ಎನ್ನುತ್ತಾಳೆ, 294.5ರ ಕಡೆ ಕೈ ತೋರಿಸುತ್ತಾಳೆ. ಅಲ್ಲಿ ಹೋಗಿ ನೋಡಿದರೆ ಡ್ಯೂಯಿ 220ರಿಂದ 280ರವರೆಗಿನ ಜಾಗವನ್ನು ಬೈಬಲ್ಲಿಗೂ ಕ್ರೈಸ್ತ ಧರ್ಮಕ್ಕೂ ಬಿಟ್ಟು, ಜಗತ್ತಿನ ಉಳಿದೆಲ್ಲ ಧರ್ಮಗಳನ್ನು 290ರ ಒಂದು ಮೂಲೆಗೆ ಒತ್ತಿರುವುದು ಕಣ್ಣಿಗೆ ಬೀಳುತ್ತದೆ. ಬಸವಣ್ಣ ಆ ಮೂಲೆಯಲ್ಲಿ ಕೂರಬೇಕೆ, ಪಂಪ ಕುಮಾರವ್ಯಾಸರ ಪಕ್ಕದಲ್ಲಿ ಕೂರಬೇಕೆ? ಚರ್ಚೆ ಬಿಸಿಯಾಗಲಿ, ಬಿಡು. ಕೊಟ್ಟೂರಿನ ಹುಡುಗರು, ಮಠದ ನೆರಳಿನಲ್ಲಿ ಬೆಳೆದವರು, ಇಂಥ ಪ್ರಶ್ನೆಗೆ ಸುಮ್ಮನೆ ಕೂರುವುದಿಲ್ಲ. ಕೊನೆಗೆ ಕೇಳು: ನಿಮ್ಮ ಕಾಲೇಜಿನಲ್ಲಿ ಈ ಪುಸ್ತಕವನ್ನು ಹುಡುಕಿಕೊಂಡು ಬರುವವರು ಯಾರು? ಕನ್ನಡ ಬಿ.ಎ. ಓದುವವರಾದರೆ ಒಂದು ಉತ್ತರ, ಮಠದ ಗ್ರಂಥಾಲಯವಾದರೆ ಇನ್ನೊಂದು. ಎಲ್ಲಿಟ್ಟರೂ ಇನ್ನೊಂದು ಜಾಗದಿಂದ ಇಲ್ಲಿಗೆ ದಾರಿ ತೋರಿಸುವ ನಮೂದು ಕ್ಯಾಟಲಾಗಿನಲ್ಲಿ ಇರಬೇಕು. ಆ ಒಂದು ಗಂಟೆಯಲ್ಲಿ ಅವರು ಕಲಿತದ್ದನ್ನು ಯಾವ ಗೈಡೂ ಕಲಿಸಲಾರದು. ರಂಗನಾಥನ್ ಅವರು 1933ರಲ್ಲಿ ತಂದ ಕೋಲನ್ ಪದ್ಧತಿಯನ್ನು ಅದರ ಮಾರನೆಯ ದಿನ ಪಾಠ ಮಾಡು. ವಿಷಯವೊಂದನ್ನು ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂದು ಬಿಡಿಸಿ ಮತ್ತೆ ಜೋಡಿಸುವ ಯೋಚನೆ ಅವರಿಗೆ ಯಾಕೆ ಬೇಕಾಯಿತು ಎಂಬುದು ಆಗ ತಾನಾಗಿ ಅರ್ಥವಾಗುತ್ತದೆ.

ಕ್ಯಾಟಲಾಗಿನ ಪಾಠಕ್ಕೆ ನಮ್ಮ ಸೀಮೆಯಷ್ಟು ಒಳ್ಳೆಯ ಉದಾಹರಣೆ ಬೇರೆಲ್ಲೂ ಸಿಗಲಿಕ್ಕಿಲ್ಲ. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ರಾಯಸಂ ಭೀಮಸೇನರಾಯರು ನಾಡಿಗೆಲ್ಲ ಬೀಚಿ. ಆ ಹೆಸರನ್ನೂ ಅವರು ಅರ್ಧ ಕನ್ನಡದಲ್ಲಿ, ಅರ್ಧ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರು. ಕಂಪ್ಯೂಟರಿಗೆ ಈ ಹೆಸರನ್ನು ಹೇಗೆ ಹಾಕುತ್ತೀರಿ? ಒಬ್ಬ ಪೂರ್ತಿ ಕನ್ನಡದಲ್ಲಿ ಹಾಕುತ್ತಾನೆ, ಇನ್ನೊಬ್ಬ ಪುಸ್ತಕದ ಮೇಲಿದ್ದಂತೆ ಹಾಕುತ್ತಾನೆ, ಮತ್ತೊಬ್ಬ ಭೀಮಸೇನರಾವ್ ಎಂದು ಹಾಕುತ್ತಾನೆ. ಒಬ್ಬರೇ ಲೇಖಕರು ಮೂವರಾಗಿ, ಬೀಚಿ ಬೇಕೆಂದು ಬಂದ ಓದುಗನಿಗೆ ಅವರ ಪುಸ್ತಕಗಳಲ್ಲಿ ಮೂರರಲ್ಲೊಂದು ಪಾಲು ಮಾತ್ರ ಕಾಣುತ್ತದೆ. ಕೊಟ್ಟೂರಿನ ಕುಂಬಾರ ವೀರಭದ್ರಪ್ಪನವರಿಗೆ 'ಅರಮನೆ' ಕಾದಂಬರಿಗಾಗಿ 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಓದುಗರು ಅವರನ್ನು ಕುಂವೀ ಎಂದು ಕೇಳುತ್ತಾರೆ, ಮುಖಪುಟ ಕುಂ. ವೀರಭದ್ರಪ್ಪ ಎನ್ನುತ್ತದೆ. ಕ ಅಕ್ಷರದಲ್ಲಿ ಇಡುವುದೋ ವ ಅಕ್ಷರದಲ್ಲಿ ಇಡುವುದೋ? ಮನೆತನದ ಹೆಸರು ಕೊನೆಗೆ ಬರುವ ಪಶ್ಚಿಮದ ರೂಢಿಗೆ ಮಾಡಿದ ನಿಯಮ ನಮ್ಮ ಹೆಸರುಗಳಿಗೆ ಹಾಗೇ ಹೊಂದುವುದಿಲ್ಲ. ಒಂದು ರೂಪವನ್ನು ನಿಶ್ಚಯಿಸಿ, ಉಳಿದ ರೂಪಗಳಿಂದ ಅಲ್ಲಿಗೆ ದಾರಿ ಹಾಕುವ ಶಿಸ್ತನ್ನು ಇಂಥ ಹೆಸರುಗಳ ಮೇಲೆಯೇ ರೂಢಿ ಮಾಡಿಸು.

ಇದಕ್ಕಿಂತ ಗಟ್ಟಿ ಪ್ರಶ್ನೆ ಒಂದಿದೆ. ದರೋಜಿಯ ಬುರ್ರಕಥಾ ಈರಮ್ಮ 2014ರಲ್ಲಿ ತೀರಿಕೊಂಡರು. ಓದು ಬರಹ ಬಾರದ ಆ ತಾಯಿ ರಾತ್ರಿಗಟ್ಟಲೆ ಹಾಡುವ ಮಹಾಕಾವ್ಯಗಳನ್ನು ನಾಲಿಗೆಯ ಮೇಲೆ ಇಟ್ಟುಕೊಂಡಿದ್ದರು. ವಿದ್ವಾಂಸರು ಕೂತು ಬರೆದುಕೊಂಡರು, ಪುಸ್ತಕಗಳು ಅಚ್ಚಾದವು. ಆ ಪುಸ್ತಕಗಳ ಲೇಖಕರು ಯಾರು? ಸಂಪಾದಕರ ಹೆಸರು ಹಾಕಿ ಮುಂದಕ್ಕೆ ಹೋಗುವುದು ಸುಲಭ, ಬಹಳ ಕಡೆ ಹಾಗೇ ಆಗಿದೆ. ಈರಮ್ಮ ಎಂದು ಹುಡುಕಿದರೆ ಏನೂ ಬಾರದಿದ್ದರೆ ಅದು ಆಕೆಗೂ ಅನ್ಯಾಯ, ಓದುಗನಿಗೂ ಅನ್ಯಾಯ. ಹಾಡಿದವರ ಹೆಸರಿಗೆ ನಮೂದು ಇಲ್ಲದ ಜನಪದ ಪುಸ್ತಕವನ್ನು ಶೆಲ್ಫಿಗೆ ಹಾಕಬೇಡಿ ಎಂದು ನಿನ್ನ ವಿದ್ಯಾರ್ಥಿಗಳಿಗೆ ಖಡಾಖಂಡಿತವಾಗಿ ಹೇಳು. ನಮ್ಮ ಕಡೆಯ ಹಟ್ಟಿಗಳಲ್ಲಿ, ದೇವರ ಗುಡಿಗಳ ಮುಂದೆ ಹಾಡುವವರು ಇನ್ನೂ ಇದ್ದಾರೆ. ನಿನ್ನ ಮುಂದೆ ಕೂತ ಮಕ್ಕಳಲ್ಲಿ ಒಬ್ಬರ ಅಜ್ಜಿಯೇ ಅಂಥ ಹಾಡುಗಾರ್ತಿ ಆಗಿರಬಹುದು.

ಈಗ ರೆಫರೆನ್ಸ್ ಸೇವೆಯ ಮಾತು. ನಮ್ಮ ವಿಷಯದ ಜೀವ ಇರುವುದು ಇಲ್ಲಿಯೇ. ಇದನ್ನು ಕಲಿಸಲು ನಿನಗೆ ನಿನ್ನ ಊರೇ ಸಾಕು. ಒನಕೆ ಓಬವ್ವನ ತವರು ಗುಡೇಕೋಟೆ ಎಂದು ನಮ್ಮ ಕಡೆ ಮಕ್ಕಳಿಂದ ಮುದುಕರವರೆಗೆ ಎಲ್ಲರೂ ಹೇಳುತ್ತಾರೆ. ಪ್ರತಿ ವರ್ಷ ನವೆಂಬರ್ 11ರ ಓಬವ್ವ ಜಯಂತಿಗೆ ಭಾಷಣ ಬರೆಯಲು ಹುಡುಗಿಯರು ಲೈಬ್ರರಿಗೆ ಬರುತ್ತಾರೆ. ಒಬ್ಬಳು ಕೇಳುತ್ತಾಳೆ: "ಮೇಡಂ, ಓಬವ್ವ ನಮ್ಮೂರಾಕಿ ಅಂತ ಯಾವ ಪುಸ್ತಕದಾಗ ಐತಿ?" ಇದನ್ನೇ ನಿನ್ನ ತರಗತಿಗೆ ಅಸೈನ್‌ಮೆಂಟ್ ಆಗಿ ಕೊಡು, ಒಂದು ತಿಂಗಳು ಸಮಯ ಕೊಡು.

ಹುಡುಗರು ಮೊದಲು ಬರುವುದು ಸಿನಿಮಾದಿಂದ. 1972ರ 'ನಾಗರಹಾವು' ಚಿತ್ರದಲ್ಲಿ ಪುಟ್ಟಣ್ಣ ಕಣಗಾಲರು ತೋರಿಸಿದ ಓಬವ್ವ ಎಲ್ಲರ ಕಣ್ಣಲ್ಲಿ ಕೂತಿದ್ದಾಳೆ. ಅಲ್ಲಿಂದ ತ.ರಾ.ಸು. ಅವರ ಕಾದಂಬರಿಗಳಿಗೆ ಹೋಗುತ್ತಾರೆ. 'ದುರ್ಗಾಸ್ತಮಾನ'ಕ್ಕೆ 1985ರಲ್ಲಿ ಅಕಾಡೆಮಿ ಪ್ರಶಸ್ತಿ ಬಂದಿದೆ ನಿಜ, ಆದರೆ ಅದು ಕಾದಂಬರಿ. ಕಾದಂಬರಿಯ ಕೆಲಸ ಒಂದು, ದಾಖಲೆಯ ಕೆಲಸ ಒಂದು ಎಂದು ಆ ಹೊತ್ತಿಗೆ ಹೇಳು. ಮುಂದಿನ ಹೆಜ್ಜೆ ಓಬವ್ವ ಕಾದ ಚಿತ್ರದುರ್ಗದ ಇತಿಹಾಸ ಬರೆದವರು. ಎಂ. ಎಸ್. ಪುಟ್ಟಣ್ಣ, ಹುಲ್ಲೂರು ಶ್ರೀನಿವಾಸ ಜೋಯಿಸರು ಪಾಳೆಯಗಾರರ ಬಗ್ಗೆ ದುಡಿದವರು. ಅವರು ಏನನ್ನು ಆಧರಿಸಿ ಬರೆದರು ಎಂದು ಕೇಳಿದರೆ ಬಖೈರು, ಕೈಫಿಯತ್ತು ಎಂಬ ಹಳೆಯ ಸ್ಥಳೀಯ ವೃತ್ತಾಂತಗಳತ್ತ ದಾರಿ ತಿರುಗುತ್ತದೆ. ಕರ್ನಲ್ ಕಾಲಿನ್ ಮೆಕೆಂಜಿ ಊರೂರಿಂದ ಬರೆಸಿ ತರಿಸಿಕೊಂಡ ಕೈಫಿಯತ್ತುಗಳಲ್ಲಿ ಕನ್ನಡದವನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ, ನಮ್ಮ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದೆ. ಆಮೇಲೆ ಇಂಗ್ಲಿಷರ ದಾಖಲೆ. ಜಾನ್ ಕೆಲ್ಸಾಲ್ 1872ರಲ್ಲಿ ಬಳ್ಳಾರಿ ಜಿಲ್ಲೆಯ ಮ್ಯಾನ್ಯುಯಲ್ ಬರೆದ, ಡಬ್ಲ್ಯು. ಫ್ರಾನ್ಸಿಸ್ 1904ರಲ್ಲಿ ಗೆಜೆಟಿಯರ್ ತಂದ. ಫ್ರಾನ್ಸಿಸನ ಪುಸ್ತಕ ಇಂಟರ್ನೆಟ್ ಆರ್ಕೈವ್‌ನಲ್ಲಿ ಯಾರಾದರೂ ಓದಬಹುದು. ಕೂಡ್ಲಿಗಿ ತಾಲ್ಲೂಕಿನ ಪುಟಗಳಲ್ಲಿ ನಿನ್ನ ಊರು ಇದೆ. ಆದರೆ ಊರಿನ ಹೆಸರನ್ನು ಅವರು ತಮ್ಮ ಕಿವಿಗೆ ಕೇಳಿದಂತೆ ಬರೆದರು. ಇವತ್ತಿನ ಕಾಗುಣಿತದಲ್ಲಿ ಹುಡುಕಿದ ಹುಡುಗ ಖಾಲಿ ಕೈಯಲ್ಲಿ ಬರುತ್ತಾನೆ. ಒಂದು ಹೆಸರನ್ನು ನಾಲ್ಕು ರೀತಿ ಬರೆದು ಹುಡುಕುವ ಅಭ್ಯಾಸ ಅಲ್ಲಿ ಹುಟ್ಟುತ್ತದೆ.

ತಿಂಗಳ ಕೊನೆಗೆ ಅವರು ತರಬೇಕಾದದ್ದು ಹೌದು ಅಥವಾ ಇಲ್ಲ ಎಂಬ ಉತ್ತರವಲ್ಲ. ಜನರ ನೆನಪು ಏನು ಹೇಳುತ್ತದೆ, ಕಾದಂಬರಿ ಏನು ಹೇಳುತ್ತದೆ, ಅಚ್ಚಾದ ದಾಖಲೆ ಎಷ್ಟರ ಮಟ್ಟಿಗೆ ಹೇಳುತ್ತದೆ, ಒಂದೊಂದರ ಎದುರೂ ಪುಸ್ತಕದ ಹೆಸರು, ವರ್ಷ, ಪುಟ. ಭಾಷಣ ಬರೆಯಲು ಬಂದ ಹುಡುಗಿಯ ಕೈಗೆ ಆ ಹಾಳೆ ಕೊಟ್ಟರೆ ಅವಳು ಧೈರ್ಯವಾಗಿ ವೇದಿಕೆ ಹತ್ತುತ್ತಾಳೆ. ಜನರ ನೆನಪನ್ನು ಕೀಳು ಮಾಡಬೇಡಿ ಎಂದೂ ಅವರಿಗೆ ಹೇಳು. ಬರೆದವರು ಯಾವಾಗಲೂ ಕೋಟೆಯೊಳಗಿನವರು. ಕಹಳೆಯವನ ಹೆಂಡತಿ ಓಬವ್ವನನ್ನು ನೆನಪಿನಲ್ಲಿ ಕಾಪಾಡಿದ್ದು ಊರ ಜನ.

ಜಿಲ್ಲೆಗಳ ವಿಷಯದಲ್ಲೂ ಹೀಗೇ ಎಚ್ಚರ ಬೇಕು. ಹರಪನಹಳ್ಳಿ ಮೊದಲು ಬಳ್ಳಾರಿ, 1997ರಲ್ಲಿ ದಾವಣಗೆರೆ, ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ. ಆ ತಾಲ್ಲೂಕಿನ ಮಳೆ ಬೆಳೆಯ ಅಂಕಿಗಳನ್ನು ಹುಡುಕುವವನು ಮೂರು ಜಿಲ್ಲೆಗಳ ಪುಸ್ತಕ ತೆಗೆಯಬೇಕು. ಗೊತ್ತಿದ್ದವರು ಒಂದು ಮಾತು ಹೇಳಿದರೆ ಅವನ ಒಂದು ವಾರ ಉಳಿಯುತ್ತದೆ.

ಮಾಹಿತಿ ಎಂದರೆ ಪರೀಕ್ಷೆ, ಇತಿಹಾಸ ಎಂದಷ್ಟೇ ಮಕ್ಕಳು ತಿಳಿದಿರುತ್ತಾರೆ. ಗುಡೇಕೋಟೆಯ ಬಂಡೆ ಗುಡ್ಡಗಳು 2013ರಲ್ಲಿ ಕರಡಿಧಾಮವಾದವು. ಅದರ ಅಂಚಿನ ಹೊಲಗಳಲ್ಲಿ ಶೇಂಗಾ ಬೆಳೆಯುವ ರೈತನ ಬೆಳೆಯನ್ನು ಕರಡಿಯೋ ಹಂದಿಯೋ ಹಾಳು ಮಾಡಿದರೆ ಪರಿಹಾರದ ಅರ್ಜಿ ಎಲ್ಲಿ ಸಿಗುತ್ತದೆ, ಜೊತೆಗೆ ಏನೇನು ಕಾಗದ ಬೇಕು, ಎಷ್ಟು ದಿನದೊಳಗೆ ಕೊಡಬೇಕು? ಅವನಿಗೆ ಬೇಕಾದ 'ಪುಸ್ತಕ' ಅದು. ಇಂಥ ಪ್ರಶ್ನೆಗೆ ಉತ್ತರ ಹುಡುಕಿ, ಒಂದು ಹಾಳೆಯಲ್ಲಿ ಸುಲಭ ಕನ್ನಡದಲ್ಲಿ ಬರೆದು, ಪಂಚಾಯಿತಿ ಗ್ರಂಥಾಲಯದ ಗೋಡೆಗೆ ಹಚ್ಚುವ ಕೆಲಸವನ್ನು ನಿನ್ನ ವಿದ್ಯಾರ್ಥಿಗಳಿಗೆ ಕೊಡು, ಅದಕ್ಕೆ ಇಂಟರ್ನಲ್ ಮಾರ್ಕ್ಸೂ ಕೊಡು.

ಇನ್ನು ಬೀಗದ ವಿಷಯ. ನಮ್ಮ ಕಾಲೇಜುಗಳಲ್ಲಿ ಬಹಳ ಪುಸ್ತಕಗಳು ಗಾಜಿನ ಬೀರುಗಳಲ್ಲಿ ಬೀಗದೊಳಗೆ ಇವೆ. ಕಾರಣ ಸೋಮಾರಿತನವಲ್ಲ, ಭಯ. ಪುಸ್ತಕ ಕಳೆದರೆ ಸಂಬಳದಲ್ಲಿ ಹಿಡಿಯುತ್ತಾರೆ, ನಿವೃತ್ತಿಯ ಹೊತ್ತಿಗೆ ಲೆಕ್ಕ ಮುಗಿಯುವುದಿಲ್ಲ ಎಂಬ ಭಯ. ಆ ಭಯ ಹಿಡಿದ ಗ್ರಂಥಪಾಲಕ ಓದುಗನನ್ನು ಕಳ್ಳನ ಹಾಗೆ ನೋಡಲು ಕಲಿಯುತ್ತಾನೆ. ಆ ಭಯವನ್ನು ನಿನ್ನ ತರಗತಿಯಲ್ಲೇ ಬಿಡಿಸು. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳನ್ನು ತಂದು ಓದಿಸು. 20,000 ಪುಸ್ತಕಗಳವರೆಗೆ ವರ್ಷಕ್ಕೊಮ್ಮೆ, 50,000ದವರೆಗೆ ಮೂರು ವರ್ಷಕ್ಕೊಮ್ಮೆ ಪೂರ್ತಿ ಸ್ಟಾಕ್ ವೆರಿಫಿಕೇಶನ್ ಮಾಡಬೇಕು, ಅದಕ್ಕಿಂತ ದೊಡ್ಡದಾದರೆ ಮಾದರಿ ತೆಗೆದು ನೋಡಿದರೆ ಆಗುತ್ತದೆ. ಓದಲು ಹೋದ ಪ್ರತಿ ಸಾವಿರ ಪುಸ್ತಕಕ್ಕೆ ವರ್ಷದಲ್ಲಿ ಐದು ಕಳೆದರೆ ಅದನ್ನು ಸಹಜ ನಷ್ಟವೆಂದು ಆ ನಿಯಮವೇ ಒಪ್ಪುತ್ತದೆ, ಮೋಸ ಅಥವಾ ಅಲಕ್ಷ್ಯ ಇರಬಾರದು ಅಷ್ಟೇ. ಸಾವಿರ ರೂಪಾಯಿಗೆ ಮೇಲ್ಪಟ್ಟ ಪುಸ್ತಕ, ಅಪರೂಪದ ಪುಸ್ತಕ ಕಳೆದರೆ ಮಾತ್ರ ವಿಚಾರಣೆ ಆಗಲೇಬೇಕು. ನಿಮ್ಮ ಸಂಸ್ಥೆಗೆ ಅನ್ವಯಿಸುವ ನಿಯಮ ಬೇರೆ ಇದ್ದರೆ ಅದನ್ನೂ ತರಿಸಿಕೊಂಡು ಓದಿ, ಆಡಳಿತ ಮಂಡಳಿಯ ಮುಂದೆ ಇಟ್ಟು ಬರವಣಿಗೆಯಲ್ಲಿ ಒಪ್ಪಿಗೆ ಪಡೆಯುವುದನ್ನು ಕಲಿಸು. ಆಕ್ಸೆಷನ್ ರಿಜಿಸ್ಟರನ್ನು ಒಂದೂ ತಿದ್ದುಪಡಿಯಿಲ್ಲದಂತೆ ಬರೆಯುವುದನ್ನೂ ಅಷ್ಟೇ ಕಟ್ಟುನಿಟ್ಟಾಗಿ ಕಲಿಸು. ಲೆಕ್ಕ ಶುದ್ಧವಾಗಿದ್ದರೆ ಬೀಗ ತೆಗೆಯಲು ಧೈರ್ಯ ಬರುತ್ತದೆ. ಬೀಗದೊಳಗಿನ ಪುಸ್ತಕ ಮೊಳಕೆ ಒಡೆಯದ ಬಿತ್ತನೆ ಕಾಳಿದ್ದ ಹಾಗೆ, ಕಾದಿಟ್ಟದ್ದೇ ಬಂತು.

ಕಂಪ್ಯೂಟರಿನ ಬಗ್ಗೆ ಹೆಚ್ಚು ಹೇಳಲಾರೆ, ನೀನು ನನಗಿಂತ ಚೆನ್ನಾಗಿ ಬಲ್ಲೆ. ಇನ್‌ಫ್ಲಿಬ್‌ನೆಟ್‌ನ ಸೋಲ್ ಆಗಲಿ, ಎನ್‌ಐಸಿಯ ಇ-ಗ್ರಂಥಾಲಯ ಆಗಲಿ, ಪುಕ್ಕಟೆ ಸಿಗುವ ಕೋಹಾ ಆಗಲಿ, ಒಂದನ್ನು ಮಕ್ಕಳ ಕೈಯಿಂದಲೇ ಹಾಕಿಸು, ಕನ್ನಡ ಪುಸ್ತಕಗಳನ್ನು ಯುನಿಕೋಡ್ ಕನ್ನಡದಲ್ಲೇ ನಮೂದಿಸು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಹೆಸರು ಹೊಡೆದು ಬಿಟ್ಟ ಕ್ಯಾಟಲಾಗಿನಲ್ಲಿ ನಮ್ಮ ಹಳ್ಳಿಯ ಹುಡುಗನಿಗೆ ಏನೂ ಸಿಗುವುದಿಲ್ಲ. ಎಐ ಯಂತ್ರವನ್ನು ಪ್ರಶ್ನೆ ಕೇಳಿ ಉತ್ತರ ತರುವವರು ನಿನ್ನ ತರಗತಿಯಲ್ಲಿ ಇದ್ದೇ ಇರುತ್ತಾರೆ. ಅದು ಕೆಲವೊಮ್ಮೆ ಇಲ್ಲದ ಪುಸ್ತಕಕ್ಕೆ ಹೆಸರು, ಲೇಖಕ, ಪುಟಸಂಖ್ಯೆ ಎಲ್ಲ ಕೊಡುತ್ತದೆ. ಗದರಬೇಡ. ಆ ಪುಸ್ತಕವನ್ನು ಯಾವುದಾದರೂ ಗ್ರಂಥಾಲಯದ ಕ್ಯಾಟಲಾಗಿನಲ್ಲಿ ತೋರಿಸು ಎಂದು ಹೇಳು. ಹುಡುಕಿ ಸೋತ ಮೇಲೆ ಅವನಿಗೆ ನಮ್ಮ ವಿದ್ಯೆಯ ಬೆಲೆ ತಿಳಿಯುತ್ತದೆ.

ನಿನ್ನ ಮುಂದೆ ಕೂರುವವರು ಯಾರೆಂದು ತಿಳಿದಿರು. ಬೇರೆ ಕಡೆ ಸೀಟು ಸಿಗದೆ ಬಂದವರು ಇರುತ್ತಾರೆ. ಒಂದು ಕೆಲಸ ಹಿಡಿಯಲೇಬೇಕೆಂದು ಬಂದವರು, ಮನೆಯಲ್ಲಿ ಪಠ್ಯಪುಸ್ತಕದ ಹೊರತು ಇನ್ನೊಂದು ಪುಸ್ತಕ ಕಾಣದವರು, ಮದುವೆಯಾಗಿ ಮಗು ಎತ್ತಿಕೊಂಡು ಬಿ.ಲಿಬ್ ಕಟ್ಟಿದ ಹೆಣ್ಣುಮಕ್ಕಳು ಇರುತ್ತಾರೆ. ಅವರಿಗೆ ಓದಿನ ರುಚಿಯಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ಹೇಳುವವರ ಜೊತೆ ನೀನು ಸೇರಬೇಡ. ಓದುವ ಪುಸ್ತಕ ಸಿಗದವನಿಗೆ ರುಚಿ ಎಲ್ಲಿಂದ ಬರಬೇಕು? ವಾರಕ್ಕೊಂದು ಗಂಟೆ ಯಾವ ಪಾಠವೂ ಇಲ್ಲದೆ ಸುಮ್ಮನೆ ಓದಲು ಕೂರಿಸು, ನೀನೂ ಅವರ ಜೊತೆ ಕೂತು ಓದು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಕೈಗೆ ಬಂದ ತಾಳೆಗರಿಯ ಕಟ್ಟನ್ನು ನಂಬರು ಹಾಕಿ ಇಟ್ಟುಬಿಟ್ಟಿದ್ದರೆ ಕೌಟಿಲ್ಯನ ಅರ್ಥಶಾಸ್ತ್ರ ಇನ್ನೆಷ್ಟು ವರ್ಷ ಕತ್ತಲಲ್ಲಿ ಇರುತ್ತಿತ್ತೋ. ಅವರು ಓದಿದರು, ಏನೆಂದು ಗುರುತಿಸಿದರು, 1909ರಲ್ಲಿ ಅಚ್ಚು ಹಾಕಿಸಿದರು. ಓದದ ಗ್ರಂಥಪಾಲಕನನ್ನು ತಯಾರು ಮಾಡುವ ತರಗತಿ ಇದ್ದೂ ಇಲ್ಲದಂತೆ.

ನಿನ್ನ ಬದುಕಿನ ಬಗ್ಗೆಯೂ ಎರಡು ಮಾತು ಹೇಳಬೇಕು, ಏಕೆಂದರೆ ಹೊಟ್ಟೆ ತುಂಬದೆ ಯಾವ ಆದರ್ಶವೂ ನಿಲ್ಲುವುದಿಲ್ಲ. ಅತಿಥಿ ಉಪನ್ಯಾಸಕಿಯ ಆದೇಶ ಆ ಶೈಕ್ಷಣಿಕ ವರ್ಷಕ್ಕೆ ಮಾತ್ರ, ಪ್ರತಿ ವರ್ಷ ಮತ್ತೆ ಅರ್ಜಿ, ಮತ್ತೆ ಕಾಯುವುದು. ಇದರಲ್ಲೇ ಹತ್ತು ವರ್ಷ ಕಳೆದವರನ್ನು ಕಂಡಿದ್ದೇನೆ. ಹಾಗಾಗಿ ಈ ವರ್ಷವೇ ನೆಟ್ ಅಥವಾ ಕೆ-ಸೆಟ್ ಮುಗಿಸು. ನೆಟ್‌ನಲ್ಲಿ ನಮ್ಮ ವಿಷಯದ ಸಂಕೇತ 59. ಯುಜಿಸಿಯ 2018ರ ನಿಯಮದ ಪ್ರಕಾರ ಸ್ನಾತಕೋತ್ತರದಲ್ಲಿ ಶೇ. 55 ಅಂಕ ಮತ್ತು ನೆಟ್ ಇದ್ದರೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೂ ಕಾಲೇಜು ಗ್ರಂಥಪಾಲಕ ಹುದ್ದೆಗೂ ಎರಡೂ ಬಾಗಿಲು ನಿನಗೆ ತೆರೆದಿವೆ. ಎರಡನೆಯದನ್ನು ಕಡಿಮೆ ಎಂದು ಎಣಿಸಬೇಡ. ನನ್ನನ್ನು ಕೇಳಿದರೆ, ಒಂದಷ್ಟು ವರ್ಷ ಗ್ರಂಥಾಲಯದ ಕೌಂಟರಿನಲ್ಲಿ ಕೂತವರೇ ಈ ವಿಷಯದ ಒಳ್ಳೆಯ ಮೇಷ್ಟ್ರು. ಕಲ್ಯಾಣ ಕರ್ನಾಟಕದವಳಾದ್ದರಿಂದ 371(ಜೆ) ಪ್ರಮಾಣಪತ್ರವನ್ನು ಈಗಲೇ ಮಾಡಿಸಿಟ್ಟುಕೋ, ಅಧಿಸೂಚನೆ ಬಂದ ಮೇಲೆ ಕಚೇರಿಗೆ ಓಡಾಡುವಂತಾಗಬಾರದು. ಪಾಠದ ಜೊತೆಗೆ ಲೈಬ್ರರಿಯ ಕೆಲಸವನ್ನೂ ನೋಡಿಕೊ ಎಂದು ಪ್ರಿನ್ಸಿಪಾಲರು ಹೇಳಿದರೆ ಒಪ್ಪಿಕೋ, ಆದರೆ ಬರವಣಿಗೆಯಲ್ಲಿ ಆದೇಶ ಪಡೆದು, ಪುಸ್ತಕಗಳನ್ನು ಎಣಿಸಿ ಚಾರ್ಜ್ ತೆಗೆದುಕೋ. ಎಣಿಸದೆ ಸಹಿ ಹಾಕಬೇಡ ತಾಯೀ, ಎಷ್ಟೇ ಪರಿಚಯದವರಿದ್ದರೂ ಹಾಕಬೇಡ.

ಇನ್ನೊಂದು ಆಸೆ ನನ್ನದು. 1931ರಲ್ಲಿ ತಮಿಳುನಾಡಿನ ಮನ್ನಾರ್ಗುಡಿಯಿಂದ ಎತ್ತಿನ ಗಾಡಿಯೊಂದು ಪುಸ್ತಕ ಹೇರಿಕೊಂಡು ಹಳ್ಳಿಗಳಿಗೆ ಹೊರಟಿತ್ತು. ರಂಗನಾಥನ್ ಅವರ ಮಾತಿಗೆ ಕಿವಿಗೊಟ್ಟ ಒಬ್ಬ ನಿವೃತ್ತ ಇಂಜಿನಿಯರ್ ತಮ್ಮ ಕೈಯಿಂದ ಮಾಡಿಸಿದ ಗಾಡಿ ಅದು. ಇವತ್ತು ನಮ್ಮಲ್ಲಿ ಗಾಡಿ ಹೂಡುವ ಅಗತ್ಯವಿಲ್ಲ. ಪಂಚಾಯಿತಿ ಊರುಗಳಲ್ಲಿ ಗ್ರಂಥಾಲಯಗಳಿವೆ. 2019ರಲ್ಲಿ ಅವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು, ಮರುವರ್ಷ ಮಕ್ಕಳಿಗಾಗಿ 'ಓದುವ ಬೆಳಕು' ಶುರುವಾಯಿತು, ಈಗ ಅರಿವು ಕೇಂದ್ರಗಳೆಂದು ಕರೆಯುತ್ತಾರೆ. ಇದು ಯಾರೋ ಕೊಟ್ಟ ದಾನವೂ ಅಲ್ಲ. ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವೂ ಸೇರಿರುತ್ತದೆ, 1965ರ ಕಾಯ್ದೆ ಅದನ್ನು ತಂದಿತು. ಅಲ್ಲಿನ ಮೇಲ್ವಿಚಾರಕರು ಕಡಿಮೆ ಸಂಬಳದಲ್ಲಿ ಒಬ್ಬರೇ ದುಡಿಯುತ್ತಾರೆ. ಅವರಿಗೆ ಪುಸ್ತಕ ವಿಂಗಡಿಸಿಕೊಡುವ, ಮಕ್ಕಳಿಗೆ ಕಥೆ ಓದಿ ಹೇಳುವ, ರೈತರ ಪ್ರಶ್ನೆಗೆ ಉತ್ತರ ಹುಡುಕುವ ಕೈಗಳು ಬೇಕು. ಆ ಕೈಗಳನ್ನು ನೀನು ತಯಾರು ಮಾಡುತ್ತಿದ್ದೀಯ. ಪ್ರಾಜೆಕ್ಟ್ ಎಂದು ಹುಡುಗರನ್ನು ದೂರದ ವಿಶ್ವವಿದ್ಯಾಲಯಗಳಿಗೆ ಟೂರ್ ಕರೆದುಕೊಂಡು ಹೋಗುವ ಮೊದಲು ಒಂದು ಸೆಮಿಸ್ಟರ್ ಇಂಥ ಊರುಗಳಿಗೆ ಕಳಿಸು.

ರಂಗನಾಥನ್ ಅವರು ತಮ್ಮ ಉಳಿತಾಯದಲ್ಲಿ ಒಂದು ಲಕ್ಷ ರೂಪಾಯಿಯನ್ನು 1950ರ ದಶಕದಲ್ಲೇ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಕೊಟ್ಟು, ಹೆಂಡತಿ ಶಾರದಾ ಅವರ ಹೆಸರನ್ನೂ ಸೇರಿಸಿ ಗ್ರಂಥಾಲಯ ವಿಜ್ಞಾನಕ್ಕೆ ಒಂದು ಪ್ರಾಧ್ಯಾಪಕ ಪೀಠ ಮಾಡಿದರು. ಅಷ್ಟು ದೊಡ್ಡದನ್ನು ನಿನ್ನಿಂದ ಯಾರೂ ಕೇಳುವುದಿಲ್ಲ. ನಾನು ಕೇಳುವುದು ಇಷ್ಟು: ಬರುವ ದಸರೆ ರಜೆಯಲ್ಲಿ ಊರಿಗೆ ಬಂದಾಗ ಗುಡೇಕೋಟೆಯ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗು. ಅಲ್ಲಿ ಏನೇನು ಪುಸ್ತಕಗಳಿವೆ ಎಂದು ನೋಡಿ ಒಂದು ಪಟ್ಟಿ ಮಾಡು, ಕೂಡ್ಲಿಗಿ ತಾಲ್ಲೂಕಿನ ಬಗ್ಗೆ ಬಂದ ಪುಸ್ತಕಗಳಲ್ಲಿ ಯಾವುವು ಅಲ್ಲಿಲ್ಲ ಎಂದು ಇನ್ನೊಂದು ಪಟ್ಟಿ ಮಾಡು. ಎರಡನ್ನೂ ನಿನ್ನ ತರಗತಿಗೆ ತೆಗೆದುಕೊಂಡು ಹೋಗಿ ಮಕ್ಕಳ ಮುಂದೆ ಇಡು. ಎರಡನೆಯ ಪಟ್ಟಿಯ ಒಂದು ಪ್ರತಿ ನನಗೂ ಕಳಿಸು, ನನ್ನ ಹತ್ತಿರ ಇರುವ ಪುಸ್ತಕಗಳನ್ನು ನಾನೇ ತಂದು ಕೊಡುತ್ತೇನೆ.